ಮೂರ್ಖರ ಸ್ವರ್ಗದಲ್ಲಿ ಒಂದು ದೋಸೆ

ಇಂದು ಬೆಳಿಗ್ಗೆ ಎರಡನೆಯ ದೋಸೆಯನ್ನು ಕಾವಲಿಯ ಮೇಲೆ ಹರಡಿ ಅಂಚು ಏಳುವುದನ್ನೇ ಕಾಯುತ್ತಿದ್ದಾಗ ಒಲೆಯ ನೀಲಿ ಉರಿ ಒಮ್ಮೆ ನಡುಗಿ ಆರಿಹೋಯಿತು. ನಾನು ಧೃತಿಗೆಡಲಿಲ್ಲ. ಮೂಲೆಯಲ್ಲಿರುವ ಇನ್ನೊಂದು ಸಿಲಿಂಡರ್ ತುಂಬಿದೆಯೆಂದು ಮೂರು ವಾರಗಳಿಂದ ಮನೆಮಂದಿಗೆಲ್ಲ ಅಭಯ ಕೊಟ್ಟವನೇ ನಾನು. ಒಳಗೆ 14.2 ಕಿಲೋ ಅನಿಲವಿದೆಯೆಂದು ನಂಬಿ, ಸೊಂಟ ಬಿಗಿದು ಎತ್ತಿದವನ ಕೈಗೆ ಬರಿಯ ಕಬ್ಬಿಣದ ಭಾರವಷ್ಟೇ ಸಿಕ್ಕಾಗ, ಮಿಕ್ಕ ಬಲವೆಲ್ಲ ಮೊಣಕೈಗೆ ಹೋಗಿ ಹಿಟ್ಟಿನ ಪಾತ್ರೆ ಉರುಳಲು ಸ್ವಲ್ಪದರಲ್ಲಿ ತಪ್ಪಿತು.

ನಮ್ಮ ಪತ್ರಿಕೆಯನ್ನು ನಮಗಿಂತ ಮೊದಲು ಓದಿ ಮುಗಿಸುವ ಮಹಡಿಯ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಅದನ್ನು ಹಿಂದಿರುಗಿಸಲು ಬಂದದ್ದು ಆಗಲೇ. ನೀರಿನ ಟ್ಯಾಂಕು ಬರಿದಾದರೂ ಬಸ್ಸು ತಪ್ಪಿದರೂ ಅವರದು ಒಂದೇ ಮಾತು: “ನೀವು ಫೂಲ್ಸ್ ಪ್ಯಾರಡೈಸಿನಲ್ಲಿದ್ದೀರಿ ಸ್ವಾಮಿ.” ಇಂದೂ ಅದನ್ನೇ ಹೇಳಿದರು. ಇರಲಿ ಎಂದುಕೊಂಡೆ. ಆದರೆ, “ಈ ನುಡಿಗಟ್ಟು ಎಲ್ಲಿಂದ ಬಂತು ಗೊತ್ತೇ?” ಎನ್ನುತ್ತ ಕುರ್ಚಿ ಎಳೆದುಕೊಂಡಾಗ ನನ್ನ ಎದೆ ಕುಸಿಯಿತು.

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಪ್ಯಾಸ್ಟನ್ ಮನೆತನದ ಪತ್ರಗಳಲ್ಲಿ, 1462ರಷ್ಟು ಹಿಂದೆಯೇ, ಈ ಮಾತು ಸಿಗುತ್ತದೆಯಂತೆ. ಆಗಿನ್ನೂ ನನ್ನ ದೋಸೆಯಿಂದ ಹಬೆಯೇಳುತ್ತಿತ್ತು. 1590ರ ದಶಕದ ಶೇಕ್ಸ್‌ಪಿಯರನಿಗೆ ಬಂದು, ಜೂಲಿಯೆಟ್ಟಳಿಗೆ ಹುಸಿ ಆಸೆ ತೋರಿಸಿ ಮೋಸ ಮಾಡಬೇಡವೆಂದು ಅವಳ ದಾದಿ ರೋಮಿಯೋನನ್ನು ಎಚ್ಚರಿಸುವಾಗ ಇದೇ ಮಾತನ್ನು ಆಡುತ್ತಾಳೆಂದು ಮೇಷ್ಟ್ರು ಅಭಿನಯಸಹಿತ ವಿವರಿಸುವಷ್ಟರಲ್ಲಿ ದೋಸೆ ತಣ್ಣಗಾಯಿತು. 1667ರಲ್ಲಿ ಮಿಲ್ಟನ್ ತನ್ನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಮೂರ್ಖರ ಸ್ವರ್ಗಕ್ಕೊಂದು ಜಾಗವನ್ನೇ ಗೊತ್ತುಮಾಡಿ, ಬಿರುಗಾಳಿಗೆ ಸಿಕ್ಕ ಸನ್ಯಾಸಿಗಳ ನಿಲುವಂಗಿ, ಜಪಮಾಲೆಗಳೆಲ್ಲ ಅಲ್ಲಿಗೆ ಹಾರಿಹೋಗುವಂತೆ ಬಣ್ಣಿಸಿದನಂತೆ. ಮಿಲ್ಟನ್ ಮುಗಿದಾಗ ಅದು ದೋಸೆಯಾಗಿ ಉಳಿದಿರಲಿಲ್ಲ. ಕಾವಲಿಗೆ ಬಳಿದ ಸುಣ್ಣವಾಗಿತ್ತು. ಇನ್ನೂರೈದು ವರ್ಷಗಳಲ್ಲಿ ಒಮ್ಮೆಯೂ ಮೇಷ್ಟ್ರು ಅದರ ಕಡೆ ನೋಡಲಿಲ್ಲ.

ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಮಾತಿಲ್ಲವೇ ಎಂದು ಕಾವಲಿ ಕೆರೆಯುತ್ತ ಯೋಚಿಸಿದೆ. ಮನಸ್ಸಿನಲ್ಲಿ ಮಂಡಿಗೆ ತಿನ್ನುವವನಿಗೆ ಮುಂದೆ ತಟ್ಟೆಯಿಲ್ಲವೆಂಬುದು ತಿಳಿದೇ ಇರುತ್ತದೆ. ತ್ರಿಶಂಕುವಿಗಂತೂ ತಾನು ತಲೆಕೆಳಗಾಗಿರುವ ಬಗ್ಗೆ ಯಾವ ಭ್ರಮೆಯೂ ಇರಲಿಲ್ಲ. ಮೂರ್ಖರ ಸ್ವರ್ಗದವನು ಇವರಿಬ್ಬರಂತಲ್ಲ. ತನ್ನ ಸುಖ ಸುಳ್ಳಿನ ಮೇಲೆ ನಿಂತಿದೆಯೆಂಬುದೇ ಅವನಿಗೆ ತಿಳಿಯದು. ಆದರೆ ಸುಖವೂ ಸುಳ್ಳೇ? ಆ ಮೂರು ವಾರಗಳಲ್ಲಿ ನಾವು ಧಾರಾಳವಾಗಿ ಚಕ್ಕುಲಿ ಕರಿದು ತಿಂದದ್ದು ನಿಜವೇ ತಾನೆ? ಅಮ್ಮನ ಸೌದೆ ಒಲೆಯಲ್ಲಿ ಈ ಸ್ವರ್ಗಕ್ಕೆ ಅವಕಾಶವೇ ಇರಲಿಲ್ಲ. ಎಷ್ಟು ಸೌದೆ ಉಳಿದಿದೆಯೆಂಬುದು ಹಿತ್ತಲಿಗೆ ಹೋದಾಗಲೆಲ್ಲ ಕಣ್ಣಿಗೆ ಕಾಣುತ್ತಿತ್ತು. ಮಳೆಗಾಲ ಹತ್ತಿರವಾದಂತೆ ಅವಳು ಹುರಿಯುವ ಕರಿಯುವ ಮಾತನ್ನೇ ಎತ್ತುತ್ತಿರಲಿಲ್ಲ.

ಕೊನೆಗೆ ಮೇಷ್ಟ್ರಿಗೇ ಕನಿಕರ ಹುಟ್ಟಿ, “ಹಿಟ್ಟು ತೆಗೆದುಕೊಂಡು ಮೇಲೆ ಬನ್ನಿ” ಎಂದರು. ಪಾತ್ರೆ ಹೊತ್ತು ಮೆಟ್ಟಿಲೇರುತ್ತ, ಅವರ ಸಿಲಿಂಡರ್ ಬದಲಿಸಿ ಎಷ್ಟು ದಿನವಾಯಿತೆಂದು ಕೇಳಿದೆ.

“ಮೊನ್ನೆ ಮೊನ್ನೆ ತಾನೆ” ಎಂದವರು, ಎರಡು ಮೆಟ್ಟಿಲು ಹತ್ತಿ ನಿಂತು, “ಯುಗಾದಿಗೆ ಮುಂಚೆಯೋ, ಆಮೇಲೋ?” ಎಂದು ನನ್ನನ್ನೇ ಕೇಳಿದರು.