ಸತ್ಯಾಂಶ: ಲಾಪಿಯರ್ ಜೈಲಿಗೆ ಹೋಗಿಲ್ಲ, ಎನ್‌ಆರ್‌ಎ ಮುಚ್ಚಿಲ್ಲ

‘ಅಮೆರಿಕದ ಬಂದೂಕು ಸಂಘ ಎನ್‌ಆರ್‌ಎಯನ್ನು ಕೋರ್ಟ್ ಮುಚ್ಚಿಸಿತು, ಮುಖ್ಯಸ್ಥ ವೇಯ್ನ್ ಲಾಪಿಯರ್ ಜೈಲು ಸೇರಿದ’ ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಎರಡೂ ಸುಳ್ಳು.

2020ರಲ್ಲಿ ನ್ಯೂಯಾರ್ಕ್ ಅಟಾರ್ನಿ ಜನರಲ್ ಲೆಟಿಶಿಯಾ ಜೇಮ್ಸ್ ಕೇಸು ಹಾಕಿ, ಸಂಘವನ್ನೇ ಮುಚ್ಚಿಸಿ ಎಂದು ಕೇಳಿದ್ದು ನಿಜ, ಆದರೆ 2022ರಲ್ಲಿ ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಇದು ಸಿವಿಲ್ ಕೇಸು, ಜೈಲಿನ ಮಾತೇ ಬರುವುದಿಲ್ಲ. ಬಂದೂಕಿನ ಹಕ್ಕಿನ ಬಗ್ಗೆಯೂ ಅಲ್ಲ ಇದು. ಸದಸ್ಯರು ನಂಬಿ ಕೊಟ್ಟ ದುಡ್ಡಿನ ಬಗ್ಗೆ. ಅದೇ ದುಡ್ಡಲ್ಲಿ ಲಾಪಿಯರ್ ಮನೆಯವರಿಗೂ ಖಾಸಗಿ ವಿಮಾನ, ಜೊತೆಗೆ ಸಂಘದಿಂದ ಕೆಲಸ ಪಡೆಯುತ್ತಿದ್ದ ಗುತ್ತಿಗೆದಾರರೊಬ್ಬರ ನಾಲ್ಕು ಮಲಗುವ ಕೋಣೆಗಳ ಐಷಾರಾಮಿ ದೋಣಿಯಲ್ಲಿ ಬಹಾಮಾಸ್ ರಜೆ. ಸದಸ್ಯರಿಗೆ ಹೊಟ್ಟೆ ಉರಿಯುವುದಿಲ್ವಾ?

2024ರ ಫೆಬ್ರವರಿಯಲ್ಲಿ ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ), ಲಾಪಿಯರ್ ಸಂಘಕ್ಕೆ ಸುಮಾರು 43.5 ಲಕ್ಷ ಡಾಲರ್ ವಾಪಸ್ ಕಟ್ಟಬೇಕು ಎಂದಿತು. ಅಷ್ಟರಲ್ಲಿ ಅವರು ಹುದ್ದೆ ಬಿಟ್ಟಾಗಿತ್ತು. ಜುಲೈನಲ್ಲಿ ನ್ಯಾಯಾಧೀಶರು, ಹತ್ತು ವರ್ಷ ಸಂಘದಲ್ಲಿ ಸಂಬಳದ ಹುದ್ದೆ ಹಿಡಿಯುವಂತಿಲ್ಲ ಎಂದರು.