ಅಂಗೈಯಲ್ಲಿ ಲಿಂಗ, ಕಟ್ಟೆಯ ಮೇಲೆ ಬುತ್ತಿ

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದ ದಿನವೇ ಯುಗಾದಿಯಾಗಿತ್ತು. ವಿಜಯಪುರದ ನಮ್ಮ ಓಣಿಯಲ್ಲಿ ಆ ವರ್ಷ ಬೇವು-ಬೆಲ್ಲ ಕೊಡಲು ಯಾರೂ ಯಾರ ಹೊಸ್ತಿಲನ್ನೂ ದಾಟಲಿಲ್ಲ. ಏಪ್ರಿಲ್ 26ರ ಬಸವ ಜಯಂತಿ ಮೆರವಣಿಗೆಯಿಲ್ಲದೆ ಕಳೆಯಿತು. ಮೇ 25ರ ರಂಜಾನ್ ಹಬ್ಬದ ನಮಾಜು ಮನೆಮನೆಗಳಲ್ಲೇ ನಡೆಯಿತು. ಗುಡಿ, ಮಸೀದಿ, ಚರ್ಚುಗಳಿಗೆ ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು ಜೂನ್ 8ರಂದು. ಆ ದಿನಗಳಲ್ಲಿ ದೇವರು ನಮ್ಮನ್ನು ಕೈಬಿಟ್ಟನೆಂದು ಕೊರಗಿದವರಿದ್ದರು. ಇನ್ನು ಮುಂದೆ ಮಠ-ಮಂದಿರಗಳ ಅಗತ್ಯವೇ ಇಲ್ಲವೆಂದು ವಾದಿಸಿದವರೂ ಇದ್ದರು. ನಾನು ಕಂಡದ್ದು ಈ ಎರಡಕ್ಕೂ ಹೊಂದುವುದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಲಿಂಗಾಯತ ಮನೆತನ. ಸ್ನಾನ ಮಾಡಿ, ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯಲ್ಲಿ ಇರಿಸಿಕೊಂಡು ದೃಷ್ಟಿ ನೆಟ್ಟು ಕುಳಿತರೆ ನಮ್ಮ ಪೂಜೆಗೆ ಗುಡಿಯೂ ಬೇಡ, ಪೂಜಾರಿಯೂ ಬೇಡ. 12ನೇ ಶತಮಾನದ ಶರಣರು ನಮಗೆ ಕೊಟ್ಟುಹೋದ ಈ ಸ್ವಾತಂತ್ರ್ಯವನ್ನು ಯಾವ ಲಾಕ್‌ಡೌನೂ ಕಸಿಯುವಂತಿರಲಿಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳು ಯೂಟ್ಯೂಬಿನಲ್ಲಿದ್ದವು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ ವಿನಯದಿಂದ ಬೇಡವೆಂದ ಆ ಸಂತರ ಮೆಲುದನಿ ಬೆಳಗಿನ ಹೊತ್ತು ನಮ್ಮ ಅಡುಗೆಮನೆಯನ್ನು ತುಂಬಿಕೊಂಡಿರುತ್ತಿತ್ತು. ಗುರುವಿನ ಮಾತು ಕಿವಿಯಲ್ಲಿತ್ತು, ಲಿಂಗ ಅಂಗೈಯಲ್ಲಿತ್ತು, ಆದರೂ ಮನಸ್ಸು ದಿನದಿನಕ್ಕೆ ಕುಗ್ಗುತ್ತಲೇ ಇತ್ತು. ಶರಣರು ಗುರು ಮತ್ತು ಲಿಂಗದ ಜೊತೆಗೆ ಜಂಗಮವನ್ನೂ, ಅಂದರೆ ಮನೆಬಾಗಿಲಿಗೆ ಬರುವ ಸಂಚಾರಿ ಶರಣರನ್ನೂ, ಏಕೆ ಬಿಡದೆ ಹೇಳಿದರು ಎಂಬುದು ನನಗೆ ಅರ್ಥವಾದದ್ದು ಆ ಕುಗ್ಗಿದ ದಿನಗಳಲ್ಲಿಯೇ. ಮನೆಗೆ ಬರುವವರು, ಜೊತೆಗೆ ಉಣ್ಣುವವರು, ಸುಖದುಃಖ ಕೇಳುವವರು ಇಲ್ಲದಿದ್ದರೆ ಪೂಜೆ ನಡೆಯುತ್ತದೆ, ಆದರೆ ನಾಳೆಯ ಮೇಲಿನ ಭರವಸೆ ಉಳಿಯುವುದಿಲ್ಲ.

ಲಾಕ್‌ಡೌನ್ ನಡುವೆಯೇ ನಮ್ಮ ಚಿಕ್ಕಪ್ಪ ವಯೋಸಹಜವಾಗಿ ತೀರಿಕೊಂಡರು. ನಮ್ಮ ಕಡೆ ಸಾವಾದ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತದೆ, ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಬೀಗರೂ ನೆರೆಯವರೂ ಬುತ್ತಿ ತಂದು ಒತ್ತಾಯದಿಂದ ಉಣಿಸುತ್ತಾರೆ. ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮವಿದ್ದುದರಿಂದ ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಜನ. ಭಜನೆಯಂತೂ ಇಲ್ಲವೇ ಇಲ್ಲ. ಅವರನ್ನು ಸಮಾಧಿಯಲ್ಲಿ ಕೂಡಿಸಿ ಮನೆಗೆ ಮರಳಿದಾಗ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಬುತ್ತಿಗಳು ಸಾಲಾಗಿ ಇದ್ದವು. ಎದುರು ಮನೆಯ ಹೆಣ್ಣುಮಗಳು ರಸ್ತೆಯ ಆಚೆ ನಿಂತುಕೊಂಡೇ ಹೇಳಿದಳು: “ಯಕ್ಕಾ, ನಾ ಒಳಗ ಬರಾಂಗಿಲ್ಲ. ಆದ್ರ ನೀವೆಲ್ಲಾ ಉಣ್ಣೂತನಾ ಇಲ್ಲಿಂದ ಹೋಗಾಂಗೂ ಇಲ್ಲರೀ.” ನಾವು ಪಡಸಾಲೆಯಲ್ಲಿ ಕುಳಿತು ಉಂಡೆವು, ಆಕೆ ಬಿಸಿಲಲ್ಲಿ ನಿಂತೇ ಇದ್ದಳು. ಸಾಂತ್ವನ ಹೇಳುವ ಪ್ರವಚನಗಳನ್ನು ಅನೇಕ ಸಲ ಕೇಳಿದ್ದೇನೆ, ಆದರೆ ಆ ದಿನ ನನ್ನ ಚಿಕ್ಕಮ್ಮನನ್ನು ಅಳಿಸಿದ್ದೂ ಉಣಿಸಿದ್ದೂ ಆಕೆಯ ಆ ಮಾತೇ.

ಅಲ್ಲಿಂದ ಮುಂದೆ ನಮ್ಮ ಓಣಿಯ ಕಟ್ಟೆಗಳು ಬರಿದಾಗಿ ಉಳಿಯಲಿಲ್ಲ. ಮೇ ತಿಂಗಳಲ್ಲಿ ಮಹಾರಾಷ್ಟ್ರ, ಗೋವಾಗಳಿಗೆ ದುಡಿಯಲು ಹೋಗಿದ್ದವರು ಮರಳತೊಡಗಿ, ಶಾಲೆ-ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆದಾಗ ಹೆಣ್ಣುಮಕ್ಕಳು ತಂತಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಕಟ್ಟೆಯ ಮೇಲಿಟ್ಟರು, ಹುಡುಗರು ಅವುಗಳನ್ನು ಒಟ್ಟುಗೂಡಿಸಿ ತಲುಪಿಸಿದರು. ಜಾತ್ರೆಯ ದಾಸೋಹಕ್ಕೆ ಮನೆಮನೆಯಿಂದ ರೊಟ್ಟಿ ಹೋಗುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇರುವುದರಿಂದ ಯಾರಿಗೂ ಇದನ್ನು ಕಲಿಸಬೇಕಾಗಲಿಲ್ಲ. ಖಡಕ್ ರೊಟ್ಟಿಯೂ ಶೇಂಗಾ ಹಿಂಡಿಯೂ ವಾರಗಟ್ಟಲೆ ಕೆಡುವುದಿಲ್ಲವಾದ್ದರಿಂದ ಆತುರವೂ ಇರಲಿಲ್ಲ. ದ್ರಾಕ್ಷಿ ಕೊಯ್ಲಿನ ಹೊತ್ತಿಗೇ ಮಾರುಕಟ್ಟೆ ಮುಚ್ಚಿ ಕಂಗೆಟ್ಟಿದ್ದ ಟಿಕೋಟಾ ಕಡೆಯ ನಮ್ಮ ಬಂಧುವೊಬ್ಬರು, ತಮ್ಮ ನಷ್ಟದ ನಡುವೆಯೂ, ಓಣಿಗೆಲ್ಲ ದ್ರಾಕ್ಷಿ ಕಳಿಸಿದ್ದರು. ರೋಜಾ ಬಿಡುವ ಹೊತ್ತಿಗೆ ಹಿಂದಿನ ಸಾಲಿನ ಮುಸ್ಲಿಂ ಮನೆಗಳಿಂದ ಖರ್ಜೂರದ ತಟ್ಟೆಗಳು ಬಂದವು. ರೋಗವನ್ನು ಒಂದು ಸಮುದಾಯದ ತಲೆಗೆ ಕಟ್ಟುವ ಸಂದೇಶಗಳು ಮೊಬೈಲುಗಳಲ್ಲಿ ಹರಿದಾಡುತ್ತಿದ್ದ ಕಾಲದಲ್ಲಿ ಆ ತಟ್ಟೆಗಳು ಬಂದವು, ನಾವು ತೆಗೆದುಕೊಂಡೆವು, ತಿಂದೆವು ಎಂಬುದನ್ನು ನಾನು ಇಂದಿಗೂ ಹೆಮ್ಮೆಯಿಂದ ಹೇಳುತ್ತೇನೆ.

2021ರ ಎರಡನೇ ಅಲೆ ಇದಕ್ಕಿಂತ ಕ್ರೂರವಾಗಿತ್ತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಮುಚ್ಚಿತು. ಆಕ್ಸಿಜನ್ ಹಾಸಿಗೆಗಾಗಿ ಪರದಾಡಿದ ಪರಿಚಿತರ ಫೋನುಗಳು ರಾತ್ರಿಯೆಲ್ಲ ಬರುತ್ತಿದ್ದವು. ಆಗ ನಾವು ಕೆಲವು ಹೆಂಗಸರು ಸಂಜೆ ಫೋನಿನಲ್ಲಿ ಕೂಡಿ ವಚನ ಹಾಡತೊಡಗಿದೆವು. ಕೋಣೆಯಲ್ಲಿ ಒಬ್ಬರೇ ಐಸೋಲೇಷನ್‌ನಲ್ಲಿದ್ದವರು ಹಾಡಲಾಗದೆ ಕೇಳಿಸಿಕೊಳ್ಳುತ್ತಿದ್ದರು, ಅವರ ಕೆಮ್ಮು ನಮಗೆ ಕೇಳಿಸುತ್ತಿತ್ತು. ಪ್ರಾರ್ಥನೆ ಆಕ್ಸಿಜನ್ನಿಗೂ ಲಸಿಕೆಗೂ ಬದಲಿಯೆಂದು ನಾನು ಎಂದೂ ನಂಬಿಲ್ಲ, ಹಾಗೆ ನಂಬಿಸಿ ಜನರನ್ನು ಆಸ್ಪತ್ರೆಯಿಂದ ದೂರವಿಟ್ಟವರನ್ನು ಧರ್ಮವಂತರೆಂದು ಕರೆಯಲಾರೆ. ನಮ್ಮ ಓಣಿಗೆ ಬಂದ ನಿಜವಾದ ಜಂಗಮರೆಂದರೆ, ಬಿಸಿಲಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಜ್ವರ ವಿಚಾರಿಸಿದ ಆಶಾ ಕಾರ್ಯಕರ್ತೆಯರು. ಅವರು ತಮ್ಮ ಗೌರವಧನಕ್ಕಾಗಿ 2020ರ ಜುಲೈಯಲ್ಲಿ ಮುಷ್ಕರಕ್ಕಿಳಿಯಬೇಕಾಯಿತು ಎಂಬುದು ನಮ್ಮೆಲ್ಲರಿಗೂ ನಾಚಿಕೆಯ ಸಂಗತಿ.

ಈಗ ಜಾತ್ರೆಗಳು ಮೊದಲಿನಂತೆ ತುಂಬುತ್ತಿವೆ, ಅದು ಸಂತೋಷವೇ. ಆದರೆ ಮೊಣಕಾಲು ನೋವಿನಿಂದ ಮೆಟ್ಟಿಲು ಇಳಿಯಲಾಗದ ಅಜ್ಜಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಮಕ್ಕಳು ಪುಣೆ, ಬೆಂಗಳೂರು ಸೇರಿದ ಮೇಲೆ ಒಂಟಿಯಾದ ವೃದ್ಧರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ, ಮತ್ತು ಅವರ ಪಾಲಿಗೆ ಮನೆಯಲ್ಲೇ ಉಳಿಯುವ ಕಾಲ ಮುಗಿದೇ ಇಲ್ಲ. ನಾವೆಲ್ಲ ಹೊರಗೆ ಬಂದ ಕೂಡಲೇ ಸಂಜೆಯ ಫೋನೂ ಕಟ್ಟೆಯ ಬುತ್ತಿಯೂ ಬಹುತೇಕ ಕಡೆ ನಿಂತುಹೋದವು. ಶ್ರಾವಣದ ಪ್ರವಚನ ಏರ್ಪಡಿಸುವ ಮಠಗಳು, ಮಸೀದಿ ಸಮಿತಿಗಳು, ಮಹಿಳಾ ಮಂಡಳಗಳು ಪೆಂಡಾಲು ಹಾಕುವ ಮೊದಲು ತಮ್ಮ ಓಣಿಯಲ್ಲಿ ಹೊರಗೆ ಬರಲಾಗದವರು ಯಾರು, ಅವರಿಗೆ ಫೋನಿನಲ್ಲಿ ಪ್ರವಚನ ಕೇಳಿಸುವವರು ಯಾರು, ಬುತ್ತಿ ಒಯ್ಯುವವರು ಯಾರು ಎಂದು ಬರೆದಿಟ್ಟುಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ನಮ್ಮ ಓಣಿಯ ಪಟ್ಟಿ ಎದುರು ಮನೆಯ ಆ ಹೆಣ್ಣುಮಗಳ ಬಳಿ ಇದೆ. ಸೋಮವಾರದ ಬುತ್ತಿ ನನ್ನ ಪಾಲಿಗೆ ಬಂದಿದೆ.