ಕಾರಿನ ಹಣೆಗೆ ತಣ್ಣೀರು ಪಟ್ಟಿ

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ನನ್ನ ಕಾರಿನ ಬಾನೆಟ್ಟಿನ ಮೇಲೆ ಎರಡೂವರೆ ಅಂಗುಲದ ಗೀರು ಎಳೆದು ಇವತ್ತಿಗೆ ನಾಲ್ಕು ದಿನ. ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಅದು ಬಹಳ ಚೆನ್ನಾಗಿ ಕಾಣುತ್ತದೆ. ನಾನು ದಿನವೂ ಅದೇ ಹೊತ್ತಿಗೆ ಹೋಗಿ ನೋಡಿ, ಹೊಟ್ಟೆ ಉರಿಸಿಕೊಂಡು ಬರುತ್ತೇನೆ. ಸಾಲದ ಕಂತು ಇನ್ನೂ 41 ಬಾಕಿ ಇವೆ.

ಮೂಲ ಆರೋಪಿ ಹಕ್ಕಿ. ನಮ್ಮ ಬೀದಿಯಲ್ಲಿ ನೆರಳೆಂಬುದು ಇರುವುದು ಒಂದೇ ಒಂದು ನೇರಳೆ ಮರದ ಕೆಳಗೆ. ಬಿಸಿಲಿಗೆ ನಿಲ್ಲಿಸಿದರೆ ಸೀಟು ಕಾದ ಕಾವಲಿ. ನೆರಳಿಗೆ ನಿಲ್ಲಿಸಿದರೆ ಮೇಲಿನಿಂದ ಪ್ರಸಾದ. ಜೂನ್ ಬಂತೆಂದರೆ ಕೋಗಿಲೆ, ಗೊರವಂಕಗಳೆಲ್ಲ ಮರದಲ್ಲಿ ಪಂಕ್ತಿ ಕೂತು ಉಣ್ಣುತ್ತವೆ. ಎಂಜಲೆಲೆ ಮಾತ್ರ ನನ್ನ ಕಾರು. ಪಕ್ಕದಲ್ಲೇ ನಿಂತಿರುವ ಎದುರು ಮನೆಯವರ ಹಳೆಯ ಕಾರಿನ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ತೊಳೆದ ಕಾರನ್ನು ಹಕ್ಕಿಗಳು ಹೇಗೆ ಗುರುತಿಸುತ್ತವೋ!

ಇನ್ನು ಆ ಉಗುರಿನ ವಿಷಯ. ಒಂದು ವಸ್ತು ಇನ್ನೊಂದಕ್ಕೆ ಅಂಟಿಕೊಂಡಿರುವುದನ್ನು ಕಂಡರೆ ಅದಕ್ಕೆ ಆಗದು. ಹೊಸ ಸ್ಟೀಲ್ ಡಬ್ಬಿಯ ಬೆಲೆ ಚೀಟಿ, ಸೇಬಿನ ಮೇಲಿನ ಸ್ಟಿಕ್ಕರ್, ದೀಪದ ಕಂಬದ ಜಿಡ್ಡು, ಮೊಮ್ಮಗಳು ಗೋಡೆಗೆ ಅಂಟಿಸಿದ ನಕ್ಷತ್ರಗಳು, ಲಗ್ನಪತ್ರಿಕೆಯ ಮೇಲಿನ ಬಂಗಾರದ ಬಣ್ಣದ ಗಣಪತಿ, ಎಲ್ಲವೂ ಅದಕ್ಕೆ ಆಹುತಿಯಾಗಿವೆ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಹಿಂಬದಿಯ ಬಣ್ಣ ಎರಡು ನಿಲ್ದಾಣದೊಳಗೆ ಎದ್ದಿರುತ್ತದೆ. ಹೋದ ವರ್ಷ ಬ್ಯಾಂಕಿನಿಂದ ಬಂದ ಹೊಸ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇಲ್ಲೇನೋ ಹಳದಿ ಅಂಟಿದೆ’ ಎಂದು ಅದರ ಚಿಪ್ಪನ್ನೇ ಎಬ್ಬಿಸಿದರು. ಆಮೇಲೆ ಯಂತ್ರ ದುಡ್ಡು ಕೊಡಲಿಲ್ಲವೆಂದು ಯಂತ್ರವನ್ನೇ ಬೈದರು.

ಭಾನುವಾರ ವಾಕಿಂಗ್ ಮುಗಿಸಿ ಬರುವಾಗ ಬಾನೆಟ್ಟಿನ ಮೇಲೆ ಒಣಗಿದ ಹಿಕ್ಕೆ ಅವರ ಕಣ್ಣಿಗೆ ಬಿತ್ತು. ಗೇಟಿನಲ್ಲಿದ್ದ ನಾನು ‘ಮಾವಾ, ಬೇಡಿ...’ ಎನ್ನುವಷ್ಟರಲ್ಲಿ ‘ಕರ್ರ್’ ಎಂದಿತು. ‘ಹೋಯಿತು ನೋಡಿ, ಅಳಿಯಂದಿರೇ’ ಎಂದು ಉಗುರನ್ನು ಊದಿಕೊಂಡರು. ಹೋಗಿತ್ತು, ಸುಳ್ಳೇಕೆ ಹೇಳಲಿ. ಬಣ್ಣವನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಮಾವನಿಗೆ ಬುದ್ಧಿ ಹೇಳುವ ಅಳಿಯ ಎಲ್ಲಾದರೂ ಉಂಟೇ? ಸೊಸೆಗೆ ತಾಗಲೆಂದು ಮಗಳನ್ನು ಬೈಯುವ ಅತ್ತೆಯ ದಾರಿ ಹಿಡಿದೆ. ನನ್ನ ಮಗಳನ್ನು ಕರೆದು ಮಾವನವರ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಪಾಠ ಶುರು ಮಾಡಿದೆ. ‘ನೋಡು ಪುಟ್ಟಿ, ಹಿಕ್ಕೆಯ ಬಿಳಿ ಭಾಗ ಯೂರಿಕ್ ಆಮ್ಲ. ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ನೆನೆಯಬೇಕು. ಒಳಗೆ ಬೀಜ, ಮರಳಿನ ಕಣ ಇರುತ್ತವೆ, ಒಣಗಿದ್ದನ್ನು ಉಜ್ಜಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಬಣ್ಣದ ಮೇಲಿನ ಹೊಳಪಿನ ಪದರ ತಾತ ಓದುವ ಪತ್ರಿಕೆಯ ಹಾಳೆಗಿಂತ ತೆಳು. ಬಿಸಿಲಿಗೆ ಅದು ಮೆತ್ತಗಾಗಿ ಹಿಗ್ಗುತ್ತದೆ, ಸಂಜೆ ತಣ್ಣಗಾದಾಗ ಹಿಕ್ಕೆಯ ಸುತ್ತ ಬಿಗಿಯುತ್ತದೆ. ಆಮೇಲೆ ಬರೀ ತೊಳೆದರೆ ಅಚ್ಚು ಹೋಗುವುದಿಲ್ಲ.’

ಮಗಳು ಎಲ್ಲವನ್ನೂ ಕೇಳಿ, ‘ಹಾಗಾದರೆ ಹಕ್ಕಿ ಉಚ್ಚೆ ಬೇರೆ ಮಾಡುವುದೇ ಇಲ್ಲವಾ?’ ಎಂದಳು. ಇಲ್ಲ ಎಂದೆ. ಅವಳು ಆ ಸುದ್ದಿಯನ್ನು ಹಂಚಲು ಪಕ್ಕದ ಮನೆಗೆ ಓಡಿದಳು. ಮಾವನವರು ಪತ್ರಿಕೆಯ ಮೂಲೆಯನ್ನು ಎರಡು ಬೆರಳಿನ ನಡುವೆ ಹಿಡಿದು ದಪ್ಪ ನೋಡುತ್ತಿದ್ದರು.

ಮಾರನೆಯ ದಿನ ಮತ್ತೊಂದು ಬಿದ್ದಿತ್ತು. ಈ ಸಲ ಮಾಡಿಯೇ ತೋರಿಸೋಣವೆಂದು ನನ್ನದೇ ಹಳೆಯ ಬನಿಯನ್ನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ, ಹಿಕ್ಕೆಯ ಮೇಲೆ ಹಾಸಿದೆ. ಮಾವನವರು ಬಂದು ನಿಂತರು. ಬಾನೆಟ್ಟಿಗೆ ಅಂಗೈಯ ಹಿಂಬದಿ ಮುಟ್ಟಿಸಿ ನೋಡಿದರು. ‘ಜ್ವರ ಎಷ್ಟಿದೆ, ಅಳಿಯಂದಿರೇ?’

ನಗು ತಡೆದುಕೊಂಡು ಹತ್ತು ನಿಮಿಷ ಬಿಡಬೇಕು ಎಂದೆ. ‘ಹೆತ್ತ ಮಕ್ಕಳಿಗೂ ನಾವು ಇಷ್ಟು ಹೊತ್ತು ಪಟ್ಟಿ ಹಾಕಿ ಕೂತಿರಲಿಲ್ಲ’ ಎನ್ನುತ್ತಾ ಪ್ಲಾಸ್ಟಿಕ್ ಕುರ್ಚಿ ತಂದು ಪಕ್ಕದಲ್ಲೇ ಕುಳಿತರು. ಹಾದುಹೋಗುವ ಹಾಲಿನವನಿಗೆ, ಹೂವಿನವಳಿಗೆ, ಕಾರಿಗೆ ಹುಷಾರಿಲ್ಲವೆಂದು ಅವರೇ ವರದಿ ಕೊಟ್ಟರು. ಹೂವಿನವಳು ದೃಷ್ಟಿ ತೆಗೆಸಿ ಎಂದಳು.

ಮಾವನವರದು ಮದ್ದೂರಿನ ಕಡೆ, ಕೊಕ್ಕರೆ ಬೆಳ್ಳೂರಿನ ಹತ್ತಿರದ ಊರು. ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಗೂಡು ಕಟ್ಟುತ್ತವೆ. ಕಾಯುತ್ತಾ ಕೂತವರು ತಾವಾಗಿಯೇ ಮಾತೆತ್ತಿದರು. ‘ಬೆಳ್ಳೂರಿನವರು ಆ ಹಕ್ಕಿಗಳನ್ನು ಹೆರಿಗೆಗೆ ಬಂದ ಮಗಳನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದರು. ಮರದ ಕೆಳಗೆ ಬಿದ್ದದ್ದನ್ನು ಕೆರೆಯ ಗೋಡುಮಣ್ಣಿನ ಜೊತೆ ಸೇರಿಸಿ ಗದ್ದೆಗೆ ಹಾಕುತ್ತಿದ್ದರು. ನಮ್ಮ ಹಿತ್ತಿಲಿನಲ್ಲೂ ಒಂದು ಹುಣಸೆ ಮರ ಇತ್ತು. ಎರಡು ವರ್ಷ ಕೊಕ್ಕರೆ ಕೂತಿದ್ದವು. ಪಾಲಾದಾಗ ಮರ ಅಣ್ಣನ ಕಡೆಗೆ ಹೋಯಿತು. ಕಡಿಸಿದ.’ ಆಮೇಲೆ ಏನೂ ಹೇಳಲಿಲ್ಲ. ಉಗುರು ಮಾತ್ರ ಕುರ್ಚಿಯ ತೋಳಿನ ಮೇಲೆ ಏನನ್ನೋ ಕೆರೆಯುತ್ತಿತ್ತು.

ಹತ್ತು ನಿಮಿಷವಾಯಿತು. ಬನಿಯನ್ ಎತ್ತಿದೆ. ಹಿಕ್ಕೆ ಕೆಸರಾಗಿ ಅದಕ್ಕೇ ಅಂಟಿಕೊಂಡು ಬಂತು. ಉಳಿದದ್ದನ್ನು ಬಟ್ಟೆಯ ಬೇರೆ ಮಡಿಕೆಯಿಂದ, ಒತ್ತದೆ, ಒಂದೇ ದಿಕ್ಕಿಗೆ ತೆಗೆದು ಕಾರಿನ ಶಾಂಪೂ ನೀರು ಹಾಕಿ ತೊಳೆದೆ. ಪಾತ್ರೆಯ ಸೋಪು ಹಾಕಿದರೆ ಮೇಣದ ಹೊಳಪು ಹೋಗುತ್ತದೆಂದು ಸೇರಿಸಿದೆ, ಯಾರೂ ಕೇಳಿರಲಿಲ್ಲ. ಒಂದು ಗುರುತೂ ಉಳಿದಿರಲಿಲ್ಲ. ಪಕ್ಕದಲ್ಲಿ ಭಾನುವಾರದ ಗೀರು ಮಾತ್ರ ಹೊಳೆಯುತ್ತಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.

ಇವತ್ತು ಬೆಳಗ್ಗೆ ಕಾಫಿ ಹಿಡಿದು ಹೊರಗೆ ಬಂದೆ. ಬಾನೆಟ್ಟಿನ ಮೇಲೆ ಒಗೆದು ಇಸ್ತ್ರಿ ಮಾಡಿದ್ದ ನನ್ನ ಹೊಸ ಬನಿಯನ್ ಒದ್ದೆಯಾಗಿ ಮಲಗಿತ್ತು. ಮಾವನವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಎಡಗೈಯ ಗಡಿಯಾರ ನೋಡುತ್ತಿದ್ದರು.

‘ಇನ್ನೂ ನಾಲ್ಕು ನಿಮಿಷ ಇದೆ’ ಎಂದರು.